ಪದ ಪರಿಚಯ: ಮನೆ ಬಿಪಿ

‘ಮನೆಯಲ್ಲಿ ಬಿಪಿ ನೋಡಿಕೊಂಡು ಬರೆದು ತನ್ನಿ’ ಎಂದು ವೈದ್ಯರು ಹೇಳಿದಾಗ ಅವರಿಗೆ ಬೇಕಾಗಿರುವುದು ಒಂದು ವಾರದ ಸರಾಸರಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷದ ಬಿಡುವು. ಹೀಗೆ ಏಳು ದಿನ, ಅದಾಗದಿದ್ದರೆ ಕನಿಷ್ಠ ಮೂರು ದಿನ. ಮೊದಲ ದಿನದ ಅಂಕಿಗಳಲ್ಲಿ ಹೊಸತರ ಗಾಬರಿಯೂ ಸೇರಿರುತ್ತದೆ. ಅವನ್ನು ಬಿಟ್ಟು ಉಳಿದವನ್ನು ಕೂಡಿ ಭಾಗಿಸಿದರೆ ಬರುವುದೇ ಮನೆ ಬಿಪಿ. ನೆಂಟರ ಮನೆಗೆ ಹೋದಾಗ ಅಲ್ಲಿದ್ದ ಯಂತ್ರಕ್ಕೆ ಕೈಯೊಡ್ಡಿ ನೋಡಿಕೊಂಡದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಇದಕ್ಕೆ ಹಾಕುವ ಗೆರೆಯೂ ಬೇರೆ. ಆಸ್ಪತ್ರೆಯಲ್ಲಿ 140/90 ದಾಟಿದರೆ ರಕ್ತದೊತ್ತಡ ಹೆಚ್ಚು ಎನ್ನುವವರು ಮನೆಯ ಸರಾಸರಿಗೆ 135/85ನ್ನೇ ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಅಮೆರಿಕದ 2017ರ ಮಾರ್ಗಸೂಚಿ ಎರಡು ಕಡೆಗೂ 130/80 ಎಂದು ಇನ್ನಷ್ಟು ಬಿಗಿ ಮಾಡಿತು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು, ಒಮ್ಮೆ ಲಕ್ವ ಹೊಡೆದವರು ತಮ್ಮ ಗುರಿ ಎಷ್ಟೆಂದು ವೈದ್ಯರನ್ನೇ ಕೇಳಿಕೊಳ್ಳಬೇಕು.

ಆಸ್ಪತ್ರೆಯಲ್ಲಿ ನೋಡಿದ್ದು ಸಾಲದೇ ಎಂದರೆ, ಸಾಲದು. ವೈದ್ಯರನ್ನು ಕಂಡೊಡನೆ ಬಿಪಿ ಏರಿ ಮನೆಯಲ್ಲಿ ಸರಿಯಾಗಿರುವ ‘ಬಿಳಿ ಕೋಟಿನ ಬಿಪಿ’ಯ ಬಗ್ಗೆ ಬಹಳ ಜನ ಕೇಳಿದ್ದಾರೆ. ಅಪಾಯ ಹೆಚ್ಚಿರುವುದು ಅದರ ತಿರುಗುಮುರುಗಿನಲ್ಲಿ: ಆಸ್ಪತ್ರೆಯಲ್ಲಿ ಎಲ್ಲ ಸರಿ, ಮನೆಯಲ್ಲಿ ಏರು. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ಥಾಮಸ್ ಪಿಕರಿಂಗ್ 2002ರಲ್ಲಿ ಇದನ್ನು ಮುಸುಕು ಹಾಕಿಕೊಂಡ ರಕ್ತದೊತ್ತಡ ಎಂದು ಕರೆದರು. ಸಕ್ಕರೆ ಕಾಯಿಲೆಯವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿ ಹನ್ನೊಂದಕ್ಕೆ ವೈದ್ಯರೆದುರು ಕುಳಿತರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತು ಅದು. ಅಂಕಿ ಚಂದವಾಗಿಯೇ ಬರುತ್ತದೆ. ಅದೇ ಮಾತ್ರೆಯ ಬಲ ಮರುದಿನ ಬೆಳಗಿನ ಜಾವಕ್ಕೆ ಕರಗಿದ್ದರೆ ಅದನ್ನು ಕಾಣುವವರು ಯಾರು? ಬೆಳಗಿನ ಅಳತೆಯನ್ನು ಮಾತ್ರೆಗೂ ತಿಂಡಿಗೂ ಮುಂಚೆಯೇ ಮಾಡಬೇಕೆನ್ನುವುದು ಇದಕ್ಕಾಗಿ. ಅಳತೆಗೆ ಮುಂಚಿನ ಅರ್ಧ ಗಂಟೆ ಕಾಫಿಯೂ ಬೇಡ. ನಮ್ಮ ಮನೆಗಳಲ್ಲಿ ಮಾತ್ರೆ ತಡವಾದರೂ ಕಾಫಿ ತಡವಾಗುವುದಿಲ್ಲ ಎಂಬುದು ಬೇರೆ ಮಾತು.

ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಕಾಲ ಮೇಲೆ ಕಾಲು ಹಾಕಿದರೂ, ಮಾತಾಡಿದರೂ, ತೋಳು ಕೆಳಗೆ ಜೋತುಬಿದ್ದರೂ ಅಂಕಿ ಏರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಅಷ್ಟೇ. ಯಂತ್ರ ಕೊಳ್ಳುವಾಗ ಜನ ಬೆಲೆ ನೋಡುತ್ತಾರೆ, ಪಟ್ಟಿಯ ಅಳತೆ ನೋಡುವುದಿಲ್ಲ. ಮಣಿಕಟ್ಟಿನ ಯಂತ್ರಕ್ಕಿಂತ ತೋಳಿನದೇ ಮೇಲು. ಮೊದಲ ಸಲ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆ ಬಳಸಬೇಕು. ಡಯಾಲಿಸಿಸ್‌ಗೆಂದು ಫಿಸ್ಟುಲಾ (ಎರಡು ರಕ್ತನಾಳಗಳ ಜೋಡಣೆ) ಮಾಡಿಸಿಕೊಂಡ ತೋಳಿಗೆ ಮಾತ್ರ ಪಟ್ಟಿ ಕಟ್ಟಲೇಬಾರದು.

ರಷ್ಯಾದ ವೈದ್ಯ ಕೊರೊಟ್ಕಾಫ್ 1905ರಲ್ಲಿ ತೋರಿಸಿಕೊಟ್ಟಂತೆ ಸ್ಟೆತಾಸ್ಕೋಪ್ ಇಟ್ಟು ರಕ್ತನಾಳದ ಸದ್ದು ಕೇಳುವುದು ಹಳೆಯ ಕ್ರಮ. ಮನೆಯ ಯಂತ್ರ ಸದ್ದು ಕೇಳುವುದಿಲ್ಲ. ನಾಡಿಯ ಬಡಿತಕ್ಕೆ ಪಟ್ಟಿಯೊಳಗಿನ ಗಾಳಿ ಅದುರುವುದನ್ನು ಹಿಡಿದು ಮೇಲಿನ, ಕೆಳಗಿನ ಅಂಕಿಗಳನ್ನು ಲೆಕ್ಕ ಹಾಕುತ್ತದೆ. ಆದ್ದರಿಂದ ಎದೆಬಡಿತ ತಾಳ ತಪ್ಪಿದವರಲ್ಲಿ ಒಂದೊಂದು ಸಲಕ್ಕೆ ಒಂದೊಂದು ಅಂಕಿ ಬರುತ್ತದೆ. ಅಂಥವರು ಮೂರು ಸಲ ನೋಡುವುದು ಒಳ್ಳೆಯದು.

ವಯಸ್ಸಾದವರು, ಬಹುಕಾಲದ ಸಕ್ಕರೆ ಕಾಯಿಲೆಯವರು ಎದ್ದು ನಿಂತಾಗ ತಲೆ ಸುತ್ತಿದರೆ, ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಬೇಕು. ಮೇಲಿನ ಅಂಕಿ 20ರಷ್ಟು ಇಳಿದಿದ್ದರೆ ವೈದ್ಯರಿಗೆ ತಿಳಿಸಬೇಕಾದ ಸಂಗತಿ ಅದು. ಗರ್ಭಿಣಿಯರ ಲೆಕ್ಕವೇ ಬೇರೆ: 140/90 ಕಂಡರೆ ಅಂದೇ ವೈದ್ಯರಿಗೆ ಹೇಳಬೇಕು, ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿದರೆ ನೇರ ಆಸ್ಪತ್ರೆಗೆ.

ಉಳಿದವರಲ್ಲಿ 180/120 ದಾಟಿದ ಅಂಕಿಯ ಜೊತೆಗೆ ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಕೈಕಾಲಿನ ಬಲ ಕುಂದುವುದು ಇದ್ದರೆ 108ಕ್ಕೆ ಕರೆ ಮಾಡಬೇಕು. ಇವು ಯಾವುವೂ ಇಲ್ಲದಿದ್ದರೆ ಸ್ವಲ್ಪ ಹೊತ್ತು ಕುಳಿತು ಮತ್ತೆ ನೋಡಬೇಕು; ಇಳಿಯದಿದ್ದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಗಾಬರಿಯಿಂದ ಮಾತ್ರೆ ಹೆಚ್ಚು ನುಂಗುವುದು, ಅಂಕಿ ಇಳಿದ ಖುಷಿಗೆ ಮಾತ್ರೆ ಬಿಡುವುದು, ಎರಡೂ ಬೇಡ.

ಪುಸ್ತಕದಲ್ಲಿ ಬರೆಯುವಾಗ ಜನ ಚಂದದ ಅಂಕಿಗಳನ್ನು ಆರಿಸಿ ಬರೆಯುತ್ತಾರೆ. 147 ಬಂದದ್ದು 140 ಆಗಿಬಿಡುತ್ತದೆ. ಯಂತ್ರದ ನೆನಪಿನಲ್ಲಿ ಎಲ್ಲವೂ ಉಳಿದಿರುತ್ತದೆ. ವೈದ್ಯರ ಬಳಿ ಹೋಗುವಾಗ ಪುಸ್ತಕದ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡರೆ, ಅಲ್ಲಿನ ಯಂತ್ರದ ಪಕ್ಕದಲ್ಲಿಟ್ಟು ಎರಡೂ ಒಂದೇ ಹೇಳುತ್ತವೆಯೇ ಎಂದು ನೋಡಿಕೊಳ್ಳಲೂಬಹುದು.