ಸ್ನಿಕರ್ ಅಂದರೆ ಎಂಥ ನಗು?

ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ 'ಸ್ನಿಕರ್' ಹುಡುಕಿದರೆ ಸಾಮಾನ್ಯವಾಗಿ 'ಮುಸಿಮುಸಿ ನಗು' ಅಂತ ಸಿಗುತ್ತದೆ. ಅಷ್ಟನ್ನೇ ನೆನಪಿಟ್ಟುಕೊಂಡು ಬರೆಯಲು ಕೂತರೆ ತೊಂದರೆ. ಮಾಟುಂಗದಲ್ಲಿ ಭಾನುವಾರ ಸೇರುವ ನಮ್ಮ ಓದಿನ ಬಳಗದಲ್ಲಿ ಒಬ್ಬರು ಅಭ್ಯಾಸಕ್ಕೆ ಬರೆದ ವಾಕ್ಯ ಇದು: 'ಮೈ ಬಾಸ್ ಸ್ನಿಕರ್ಡ್ ಅಟ್ ಮೈ ಜೋಕ್.' ಬಾಸ್‌ಗೆ ತಮಾಷೆ ಹಿಡಿಸಿತು, ಮೀಟಿಂಗ್ ನಡೀತಿತ್ತು, ಅದಕ್ಕೇ ಮೆಲ್ಲಗೆ ನಕ್ಕರು ಅನ್ನುವುದು ಅವರ ಮನಸ್ಸಿನಲ್ಲಿದ್ದದ್ದು. ಇಂಗ್ಲಿಷ್ ಓದುವವರಿಗೆ ಅದು ಕೇಳಿಸುವುದೇ ಬೇರೆ: ತಮಾಷೆ ಪೇಲವವಾಗಿತ್ತು, ಬಾಸ್ ಅದನ್ನು ಆಡಿಕೊಂಡು ನಕ್ಕರು. ಹೊಗಳಿಕೆ ಅಂತ ಬರೆದದ್ದು ಅವಮಾನವಾಗಿ ಹೋಯಿತು.

ಮುಂಬೈಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಹಗಲು ಹೋಟೆಲಿನಲ್ಲೋ ಆಫೀಸಿನಲ್ಲೋ ದುಡಿದು ರಾತ್ರಿಶಾಲೆಯಲ್ಲಿ ಇಂಗ್ಲಿಷ್ ಕಲಿತವರು ನಮ್ಮ ನಡುವೆ ಬಹಳ ಜನ. ಇಂಥ ಪದಗಳನ್ನು ನಮಗೆ ಯಾರೂ ಕೂರಿಸಿಕೊಂಡು ಬಿಡಿಸಿ ಹೇಳಿಕೊಟ್ಟಿರುವುದಿಲ್ಲ. ಅದಕ್ಕೇ ಈ ಟಿಪ್ಪಣಿ ಸ್ವಲ್ಪ ಉದ್ದ.

ಸ್ನಿಕರ್‌ನಲ್ಲಿ ಎರಡು ಸಂಗತಿ ಒಟ್ಟಿಗೆ ಇವೆ. ನಗು ಪೂರ್ತಿ ಹೊರಗೆ ಬರದ ಹಾಗೆ ಅದುಮಿಟ್ಟಿರಬೇಕು. ಆ ನಗು ಯಾರನ್ನಾದರೂ ಕೀಳಾಗಿ ಕಂಡು ಬಂದಿರಬೇಕು. ನಮ್ಮ 'ಮುಸಿಮುಸಿ'ಯಲ್ಲಿ ಮೊದಲನೆಯದು ಮಾತ್ರ ಇದೆ. ಕಣ್ಣಾಮುಚ್ಚಾಲೆ ಆಡುವಾಗ ಬಾಗಿಲ ಹಿಂದೆ ಅಡಗಿದ ಮಗು ಮುಸಿಮುಸಿ ನಗುತ್ತದೆ. ಗಂಡಿನ ಹೆಸರು ಎತ್ತಿ ಛೇಡಿಸಿದರೆ ಮದುವೆ ಗೊತ್ತಾದ ಹುಡುಗಿ ಮುಸಿಮುಸಿ ನಗುತ್ತಾಳೆ. ಇವರಿಬ್ಬರಲ್ಲೂ ಯಾವ ಕೊಂಕೂ ಇಲ್ಲ. ಮುಸಿಮುಸಿ ಅಳುವುದೂ ಉಂಟಲ್ವಾ? ಅಂದರೆ ಆ ಪದ ತಡೆದು ಹಿಡಿಯುವುದರ ಬಗ್ಗೆ ಹೇಳುತ್ತದೆ, ಮನಸ್ಸಿನಲ್ಲಿ ಏನಿದೆ ಅಂತ ಹೇಳುವುದಿಲ್ಲ. ಬಾಗಿಲ ಹಿಂದಿನ ಮಗುವಿಗೆ ಸ್ನಿಕರ್ ಅಂದರೆ ಆ ಮಗು ಕಿಡಿಗೇಡಿ ಅನಿಸಿಬಿಡುತ್ತದೆ. ಸ್ನಿಕರ್ ಅನ್ನು ಪೂರ್ತಿ ಕನ್ನಡಕ್ಕೆ ತರಬೇಕಾದರೆ 'ಆಡಿಕೊಂಡು ಮುಸಿಮುಸಿ ನಕ್ಕರು' ಅನ್ನಬೇಕು. 'ಆಡಿಕೊಂಡು' ಬಿಟ್ಟರೆ ಪದದ ಮುಳ್ಳೇ ಹೋಯಿತು.

ನಮ್ಮ ಸುತ್ತ ಕೇಳುವ ಮರಾಠಿಯಲ್ಲಿ ಇದಕ್ಕೆ ಹತ್ತಿರದ್ದು 'ಫಿದೀಫಿದೀ ಹಸಣೆ'. ಕೇಳಿದವರಿಗೆ ಮೈ ಉರಿಯುವಂಥ ನಗು ಅದು. 'ಗಾಲಾತಲ್ಯಾ ಗಾಲಾತ್ ಹಸಣೆ', ಅಂದರೆ ಕೆನ್ನೆಯೊಳಗೇ ನಗುವುದು, ಅದೇ ಜಾತಿಯದು ಅನಿಸಬಹುದು. ಆದರೆ ಅದು ತನ್ನಷ್ಟಕ್ಕೆ ತಾನು ನಗುವುದು. ಎರಡೂ ಭಾಷೆ ದಿನಾ ಕಿವಿಗೆ ಬೀಳುವ ನಮಗೆ ಈ ಭೇದ ಹಿಡಿಯುವುದು ಸುಲಭ.

ಇನ್ನು ಶಬ್ದದ ಕಡೆ ಬರೋಣ. ತುಟಿ ಬಿಗಿಯಾಗಿ ಮುಚ್ಚಿ, ನಗು ಬಂದಿದೆ ಅಂದುಕೊಂಡು ನಕ್ಕು ನೋಡಿ. ಗಾಳಿಗೆ ಬಾಯಿಂದ ದಾರಿ ಇಲ್ಲ, ಮೂಗಿನಿಂದ ಸಿಡಿಯುತ್ತದೆ. ಆ ಸಿಡಿತವೇ ಪದದ ಮೊದಲ ತುಂಡು, 'ಸ್ನ್'. ಕೇಳಿದ ಸದ್ದನ್ನು ಅನುಕರಿಸಿ ಹುಟ್ಟಿದ ಪದ ಇದು ಅಂತಲೇ ವಿದ್ವಾಂಸರು ಭಾವಿಸುತ್ತಾರೆ. ನಮ್ಮ ಪಕಪಕ, ಕಿಲಕಿಲ, ಗಹಗಹ ಹುಟ್ಟಿದ್ದೂ ಹೀಗೇ ಅಲ್ವಾ? ಇಂಗ್ಲಿಷಿನಲ್ಲಿ ಇದು 1690ರ ದಶಕದಿಂದ ಕಾಣಸಿಗುತ್ತದೆ.

'ಸ್ನ್'ನಿಂದ ಶುರುವಾಗುವ ಇನ್ನಷ್ಟು ಪದ ನೋಡಿ: ಸ್ನಿಫ್, ಸ್ನೀಝ್, ಸ್ನೋರ್, ಸ್ನಾರ್ಟ್, ಸ್ನೌಟ್, ಸ್ನಫ್. ಮೂಸುವುದು, ಸೀನುವುದು, ಗೊರಕೆ ಹೊಡೆಯುವುದು, ಮೂಗಿನಿಂದ ಬುಸ್ಸೆನ್ನುವುದು, ಪ್ರಾಣಿಯ ಮೂತಿ, ನಶ್ಯ. ಎಲ್ಲವೂ ಮೂಗಿನ ಸುತ್ತಲೇ. ಪೂರ್ತಿ ಪದವಲ್ಲದ ಒಂದು ಸಣ್ಣ ದನಿಯ ತುಣುಕೇ ಹೀಗೆ ಒಂದು ಅರ್ಥವನ್ನು ಹೊತ್ತು ತಿರುಗುವುದಕ್ಕೆ ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1930ರಲ್ಲಿ 'ಫೊನೆಸ್ತೀಮ್' ಅನ್ನುವ ಹೆಸರು ಕೊಟ್ಟರು. ಎಲ್ಲ ಪದಕ್ಕೂ ಇದು ಹೊಂದುವುದಿಲ್ಲ. ಸ್ನೋ, ಸ್ನೇಕ್‌ಗೂ ಮೂಗಿಗೂ ಸಂಬಂಧ ಇಲ್ಲ. ಆದರೂ ಸ್ನಿಕರ್ ಮರೆಯದಿರಲು ಈ ಬಳಗ ಸಾಕು. ಅದರಲ್ಲೂ 'ಸ್ನೀರ್' ಅನ್ನುವುದನ್ನು ಪಕ್ಕದಲ್ಲೇ ಬರೆದುಕೊಳ್ಳಿ. ಮೂಗು ಮುರಿದು, ತುಟಿ ಸೊಟ್ಟ ಮಾಡಿ ತಾತ್ಸಾರ ತೋರಿಸುವುದು ಸ್ನೀರ್. ಅದು ಮುಖದ ಮೇಲೇ ಕಾಣುತ್ತದೆ, ಮುಚ್ಚಿಡುವ ಗೋಜಿಲ್ಲ.

ಉಚ್ಚಾರಕ್ಕೆ ನಮಗೆ ಕಷ್ಟವೇ ಇಲ್ಲ. ಸ್ನಾನ, ಸ್ನೇಹ ಅಂತ ದಿನಾ ಹೇಳುವ ನಾಲಿಗೆ ನಮ್ಮದು. ಒತ್ತು ಮೊದಲಿಗೆ, 'ಸ್ನಿ' ಮೇಲೆ ಬೀಳಲಿ. ಕೊನೆಯ 'ಕರ್' ಹಗುರ.

ಈಗ ಕಣ್ಣಾರೆ ಕಂಡ ಒಂದು ಸ್ನಿಕರ್. ಡೊಂಬಿವಲಿಯಿಂದ ಹೊರಟ ಬೆಳಗಿನ ಫಾಸ್ಟ್ ಲೋಕಲ್. ಕಿಟಕಿ ಪಕ್ಕ ಐವತ್ತರ ಆಸುಪಾಸಿನ ಒಬ್ಬರು ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಕೆಲಸದ ಮಾತು. ಸರಕು ಎಲ್ಲಿಗೆ ಬಂತು, ಬಿಲ್ಲು ಯಾವಾಗ, ಅಷ್ಟೇ. ಉಚ್ಚಾರ ಅಪ್ಪಟ ನಮ್ಮೂರ ಕಡೆಯದು, 'ಎಗ್ಸಾಕ್ಟ್‌ಲಿ' ಅನ್ನುವುದು 'ಯಗ್ಜಾಟ್ಲಿ' ಆಗುತ್ತಿತ್ತು. ಎದುರಿಗೆ ನಿಂತಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಇನ್ನೊಬ್ಬನನ್ನು ಮೊಣಕೈಯಿಂದ ತಿವಿದ. ಆ ಇನ್ನೊಬ್ಬ ತುಟಿ ಕಚ್ಚಿ ತಲೆ ತಗ್ಗಿಸಿದ. ಭುಜ ಎರಡು ಸಲ ಕುಲುಕಿತು, ಮೂಗಿನಿಂದ ಗಾಳಿ ಹಾರಿತು. ಅಷ್ಟೇ ಸದ್ದು. ಆ ಗದ್ದಲದಲ್ಲೂ ಅದು ಅವರಿಗೆ ಕೇಳಿಸಿತು. ದನಿ ತಗ್ಗಿಸಿ, ಫೋನಿಗೆ ಕೈ ಅಡ್ಡ ಹಿಡಿದು, ಮುಖ ಕಿಟಕಿ ಕಡೆ ತಿರುಗಿಸಿಕೊಂಡರು. ಅವರ ಇಂಗ್ಲಿಷಿನಲ್ಲಿ ಕೆಲಸಕ್ಕೆ ಅಡ್ಡಿಯಾಗುವ ಒಂದು ಮಾತೂ ಇರಲಿಲ್ಲ. ನನಗೆ ಆ ಹುಡುಗರ ಮೇಲೆ ಈಗಲೂ ಸಿಟ್ಟಿದೆ.

ಇಲ್ಲಿ 'ದ ಬಾಯ್ಸ್ ಲಾಫ್ಡ್' ಅಂತ ಬರೆದರೆ ಏನೂ ಹೇಳಿದ ಹಾಗಾಗುವುದಿಲ್ಲ. 'ದ ಬಾಯ್ಸ್ ಸ್ನಿಕರ್ಡ್ ಅಟ್ ಹಿಸ್ ಆಕ್ಸೆಂಟ್' ಅಂದರೆ ತಿವಿದದ್ದು, ತುಟಿ ಕಚ್ಚಿದ್ದು, ಕೇಳಿಸಿಕೊಂಡವರ ಮುಖ ಸಣ್ಣದಾದದ್ದು ಎಲ್ಲ ಬಂತು. ಈ ನಗುವಿನ ಕ್ರೂರತನ ಇರುವುದು ಅದು ಅರ್ಧ ಮುಚ್ಚಿರುವುದರಲ್ಲೇ. ಕೇಳಿದವರಿಗೆ ನೋಯುವಷ್ಟು ಹೊರಗೆ ಬಂದಿರುತ್ತದೆ. 'ಯಾಕಪ್ಪಾ ನಗ್ತೀಯ' ಅಂತ ಕೇಳಿದರೆ 'ಏನಿಲ್ಲ ಅಂಕಲ್' ಅಂತ ಜಾರಿಕೊಳ್ಳುವಷ್ಟು ಒಳಗೂ ಇರುತ್ತದೆ. ಜೋರಾಗಿ ನಕ್ಕವನನ್ನು ಹಿಡಿದು ಕೇಳಬಹುದು, ಇವನನ್ನು ಆಗುವುದಿಲ್ಲ.

ಇದಕ್ಕೆ ಜೊತೆಗಾರ ಬೇಕು ಅನ್ನುವುದನ್ನೂ ಗಮನಿಸಿ. ನಗುವಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್, ಮನುಷ್ಯ ಒಬ್ಬನೇ ಇದ್ದಾಗಿಗಿಂತ ಜನರ ನಡುವೆ ಸುಮಾರು 30 ಪಟ್ಟು ಜಾಸ್ತಿ ನಗುತ್ತಾನೆ ಅಂತ ಕಂಡುಕೊಂಡಿದ್ದರು. ಸ್ನಿಕರ್‌ಗೆ ಈ ಮಾತು ಇನ್ನೂ ಹೆಚ್ಚು ಒಪ್ಪುತ್ತದೆ. ಇಂಗ್ಲಿಷ್ ಕಥೆಗಳಲ್ಲಿ ಸ್ನಿಕರ್ ಮಾಡುವವರು ಸಾಮಾನ್ಯವಾಗಿ ಹಿಂದಿನ ಬೆಂಚಿನ ಗುಂಪೋ, ಮೂಲೆಯಲ್ಲಿ ನಿಂತ ಇಬ್ಬರೋ ಆಗಿರುತ್ತಾರೆ.

ಬಳಗದಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ದ್ರೌಪದಿಯ ನಗು. ಇಂದ್ರಪ್ರಸ್ಥದಲ್ಲಿ ಮಯ ಕಟ್ಟಿದ ಸಭೆ, ನೆಲ ಅಂದುಕೊಂಡು ಕಾಲಿಟ್ಟ ದುರ್ಯೋಧನ ನೀರಿಗೆ ಬಿದ್ದ. ಅದನ್ನು ಕಂಡು ದ್ರೌಪದಿ ನಕ್ಕಳು. ಹರಿಕಥೆಯಲ್ಲಿ, ಯಕ್ಷಗಾನದಲ್ಲಿ ಕೇಳಿ ಬೆಳೆದ ಕಥೆ ಇದು. ಇಂಗ್ಲಿಷಿನಲ್ಲಿ ಇದನ್ನು ಹೇಳುವಾಗ ಯಾವ ಕ್ರಿಯಾಪದ ಹಾಕುತ್ತೀರಿ? 'ಗಿಗಲ್ಡ್' ಅಂದರೆ ಅವಳು ಚಿಕ್ಕ ಹುಡುಗಿ, ತಡೆಯಲಾರದೆ ನಕ್ಕಳು, ಕೇಡಿನ ಉದ್ದೇಶ ಇರಲಿಲ್ಲ. 'ಗಫಾಡ್' ಅಂದರೆ ಸಭೆಯೆಲ್ಲ ಕೇಳುವ ಹಾಗೆ ಗಹಗಹಿಸಿದಳು. 'ಸ್ನಿಕರ್ಡ್' ಅಂದರೆ ಸೆರಗು ಬಾಯಿಗೆ ಒತ್ತಿಕೊಂಡು, ಪಕ್ಕದ ಸಖಿಯ ಕಡೆ ನೋಡಿ, ಆಡಿಕೊಂಡಳು. ಮೂರು ಪದ, ಮೂರು ಬೇರೆ ದ್ರೌಪದಿ. ದುರ್ಯೋಧನನ ಹಗೆಗೆ ಸಿಗುವ ಕಾರಣವೂ ಬೇರೆಬೇರೆ. ಸಂಸ್ಕೃತ ಸಭಾಪರ್ವದಲ್ಲಿ ಅವನು ಬಿದ್ದಾಗ ನಕ್ಕವರಲ್ಲಿ ಭೀಮನ ಹೆಸರು ಬರುತ್ತದೆ. ಭೀಮನ ನಗುವಿಗೆ ನಾನಂತೂ ಸ್ನಿಕರ್ ಹಾಕುವುದಿಲ್ಲ. ಮರೆಯಲ್ಲಿ ನಗುವ ಆಳಲ್ಲ ಅವನು. ದ್ರೌಪದಿಗೆ ಯಾವುದು ಅನ್ನುವುದರಲ್ಲಿ ಬಳಗ ಎರಡಾಯಿತು. ನನ್ನ ಮಟ್ಟಿಗೆ ಸುಮ್ನೆ 'ಲಾಫ್ಡ್' ಅನ್ನುವುದೇ ನ್ಯಾಯ. ಅವಳ ಮನಸ್ಸಿನಲ್ಲಿ ತಾತ್ಸಾರ ಇತ್ತು ಅಂತ ನಾವೇ ಮೊದಲೇ ತೀರ್ಪು ಕೊಟ್ಟುಬಿಡುವುದು ಯಾಕೆ?

ಅಕ್ಕಪಕ್ಕದ ಪದಗಳನ್ನು ಬೇಗ ಮುಗಿಸೋಣ. ಗಿಗಲ್ ಬಂತು, ಕಿಲಕಿಲ ನಗು. ಟಿಟರ್ ಅಂದರೆ ತೆಳು ದನಿಯ ಸಣ್ಣ ನಗು, ಮುಜುಗರ ಆದಾಗಲೂ ಬರುತ್ತದೆ. ಭಾಷಣಕಾರರು ಏನೋ ಎಡವಟ್ಟು ಮಾತಾಡಿದಾಗ ಸಭೆಯಲ್ಲಿ ಹರಿದಾಡುವುದು ಅದೇ. ಚಕಲ್ ನಾವು ಜಾಸ್ತಿ ಬಳಸಬೇಕಾದ ಪದ. ಅದೂ ಮೆಲ್ಲಗಿನ ನಗುವೇ, ಆದರೆ ಬೆಚ್ಚಗಿನದು. ಹಳೆಯ ಪತ್ರ ಓದುತ್ತಾ ಅಜ್ಜ ಒಬ್ಬರೇ ನಕ್ಕರೆ ಅದು ಚಕಲ್. ಮೇಲೆ ಹೇಳಿದ ಬಾಸ್ ವಾಕ್ಯಕ್ಕೆ ಬೇಕಿದ್ದದ್ದೂ ಇದೇ: 'ಮೈ ಬಾಸ್ ಚಕಲ್ಡ್ ಅಟ್ ಮೈ ಜೋಕ್.' ಚಾರ್ಟಲ್ ಅನ್ನುವುದು ಲೂಯಿಸ್ ಕ್ಯಾರಲ್ 1871ರ ತಮ್ಮ ಪುಸ್ತಕದಲ್ಲಿ ಹೊಸದಾಗಿ ಕಟ್ಟಿದ ಪದ. ಚಕಲ್ ಮತ್ತು ಸ್ನಾರ್ಟ್ ಸೇರಿಸಿದ್ದು ಅಂತ ಹೇಳುತ್ತಾರೆ. ಸಂತೋಷ ತಡೆಯಲಾರದೆ ಉಕ್ಕುವ ನಗು ಅದು. ಸ್ಮರ್ಕ್‌ಗೆ ಸದ್ದೇ ಇಲ್ಲ, 'ನಾನೇ ಗೆದ್ದೆ' ಅನ್ನುವ ಮುಖದ ನಗೆ. ಸ್ಮರ್ಕ್ ಕಣ್ಣಿಗೆ ಕಾಣುತ್ತದೆ, ಸ್ನಿಕರ್ ಕಿವಿಗೆ ಕೇಳುತ್ತದೆ. ಪರೀಕ್ಷೆಯಲ್ಲಿ ಇವೆರಡನ್ನೇ ಜಾಸ್ತಿ ಅದಲುಬದಲು ಮಾಡುತ್ತಾರೆ. 'ಲಾಫ್ ಅಪ್ ಯುವರ್ ಸ್ಲೀವ್' ಅನ್ನುವ ನುಡಿಗಟ್ಟೂ ಗೊತ್ತಿರಲಿ. ನಾವು ಮೀಸೆ ಮರೆಯಲ್ಲಿ ನಗುತ್ತೇವೆ, ಅವರು ತೋಳಿನ ಮರೆಯಲ್ಲಿ ನಗುತ್ತಾರೆ.

'ಸ್ನಿಗರ್' ಅಂತಲೂ ಕಾಣುತ್ತದೆ. ಅದೇ ಪದದ ಇನ್ನೊಂದು ರೂಪ. ಬ್ರಿಟನ್ನಿನಲ್ಲಿ ಅದು ಹೆಚ್ಚು, ಅಮೆರಿಕದಲ್ಲಿ ಸ್ನಿಕರ್ ಹೆಚ್ಚು. ಪೋಲಿ ಮಾತು ಕೇಳಿ ಒಳಗೊಳಗೇ ನಗುವುದಕ್ಕೆ ಬ್ರಿಟಿಷರು ಸ್ನಿಗರ್ ಅನ್ನುವುದು ವಾಡಿಕೆ. ಅಮೆರಿಕದವರ ಜೊತೆ ಕೆಲಸ ಮಾಡುವವರು ಸ್ನಿಗರ್ ಬಳಸದೇ ಇರುವುದು ಒಳ್ಳೆಯದು. ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಒಂದು ಬೈಗುಳದ ಸದ್ದು ಅದರಲ್ಲಿ ಕೇಳಿಸುತ್ತದೆ. ಅರ್ಥಕ್ಕೂ ಮೂಲಕ್ಕೂ ಸಂಬಂಧ ಇಲ್ಲ, ಆದರೂ ಕೇಳಿದವರು ಬೆಚ್ಚುತ್ತಾರೆ. ಥಾಣೆ, ಐರೋಲಿ ಕಡೆ ಕಾಲ್ ಸೆಂಟರ್‌ಗಳಲ್ಲಿರುವ ಗೆಳೆಯರು ಇದನ್ನು ಗುರುತು ಹಾಕಿಕೊಳ್ಳಿ.

ಕುದುರೆ ಮೆಲ್ಲಗೆ ಮೂಗಿನಿಂದ ಹೊರಡಿಸುವ ಸದ್ದಿಗೂ ಸ್ನಿಕರ್ ಅನ್ನುವುದುಂಟು, 'ನಿಕರ್' ಇನ್ನೂ ಬಳಕೆಯದು. ಅಂಗಡಿಯ ಸ್ನಿಕರ್ಸ್ ಚಾಕೊಲೇಟಿಗೂ ನಗುವಿಗೂ ನೇರ ನಂಟಿಲ್ಲ. 1930ರಲ್ಲಿ ಮಾರ್ಸ್ ಕಂಪನಿ ಅದನ್ನು ತಂದಾಗ ಮನೆಯವರ ಪ್ರೀತಿಯ ಕುದುರೆಯ ಹೆಸರಿಟ್ಟಿತು.

ವ್ಯಾಕರಣ ಸರಳ. ಯಾರನ್ನು ಅಥವಾ ಯಾವುದನ್ನು ಕಂಡು ಅನ್ನುವುದಕ್ಕೆ ಮುಂದೆ 'ಅಟ್' ಬರಬೇಕು. 'ದೆ ಸ್ನಿಕರ್ಡ್ ಮಿ' ಅನ್ನುವುದು ತಪ್ಪು, 'ದೆ ಸ್ನಿಕರ್ಡ್ ಅಟ್ ಮಿ' ಸರಿ. ಭೂತಕಾಲದ ಸ್ಪೆಲ್ಲಿಂಗಿನಲ್ಲಿ ಕೊನೆಯ ಆರ್ ಒಂದೇ. ರೆಫರ್‌ಗೆ ಒತ್ತು ಕೊನೆಯಲ್ಲಿ ಬೀಳುತ್ತದೆ, ಅದಕ್ಕೆ ರೆಫರ್ಡ್‌ನಲ್ಲಿ ಎರಡು ಆರ್. ಸ್ನಿಕರ್‌ಗೆ ಒತ್ತು ಮೊದಲಲ್ಲಿ, ಅದಕ್ಕೆ ಒಂದೇ ಸಾಕು. ನಾಮಪದವಾಗಿಯೂ ನಡೆಯುತ್ತದೆ: 'ಐ ಹರ್ಡ್ ಎ ಸ್ನಿಕರ್ ಫ್ರಮ್ ದ ಬ್ಯಾಕ್ ರೋ.' ಇದರ ಜೊತೆ ಹೆಚ್ಚಾಗಿ ಬರುವುದು 'ಬಿಹೈಂಡ್ ಹರ್ ಹ್ಯಾಂಡ್', ಅಂದರೆ ಕೈ ಅಡ್ಡ ಹಿಡಿದು. 'ಲೌಡ್‌ಲಿ' ಸೇರಿಸಿದರೆ ಪದಕ್ಕೇ ಎದುರು ಬಿದ್ದ ಹಾಗೆ.

ಆಫೀಸಿನಲ್ಲಿ ದೂರು ಬರೆಯಬೇಕಾಗಿ ಬಂದರೆ ಒಂದು ಎಚ್ಚರ ಇರಲಿ. ಸ್ನಿಕರ್ ಅನ್ನುವ ಪದದೊಳಗೆ ನಿಮ್ಮ ತೀರ್ಪೂ ಇದೆ, ಎದುರಿನವರು 'ನಾವು ಬೇರೆ ಯಾವುದಕ್ಕೋ ನಕ್ಕೆವು' ಅನ್ನಬಹುದು. ಆದ್ದರಿಂದ ಪದದ ಜೊತೆ ಕಂಡದ್ದನ್ನೂ ಬರೆಯಿರಿ. ನೀವು ಯಾವ ಮಾತು ಹೇಳಿದಾಗ ಅದಾಯಿತು, ಯಾರು ಯಾರ ಕಡೆ ನೋಡಿದರು, ಎಷ್ಟು ಸಲ ಆಯಿತು ಅನ್ನುವುದು ಕಾಗದದ ಮೇಲಿರಲಿ.

ಮುಂದಿನ ಭಾನುವಾರಕ್ಕೆ ಈ ನಾಲ್ಕನ್ನು ಇಂಗ್ಲಿಷಿಗೆ ತನ್ನಿ. ನಗುವಿನ ಪದ ಯಾಕೆ ಅದನ್ನೇ ಆರಿಸಿದಿರಿ ಅಂತ ಪಕ್ಕದಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಮಗಳ ಮೊದಲ ದೋಸೆ ಹರಿದದ್ದು ನೋಡಿ ಅಮ್ಮ ಒಳಗೊಳಗೇ ನಕ್ಕಳು. ಅವನ ಹರಕು ಚಪ್ಪಲಿ ಕಂಡು ಕಾಲೇಜಿನ ಹುಡುಗರು ಕಿಸಕ್ಕೆಂದರು. ಮಂತ್ರಿಗಳು ಊರಿನ ಹೆಸರನ್ನೇ ತಪ್ಪು ಹೇಳಿದಾಗ ಸಭೆಯಲ್ಲಿ ಸಣ್ಣ ನಗು ಹರಿಯಿತು. ಟೆಂಡರ್ ತನಗೇ ಸಿಕ್ಕಿತೆಂದು ಗೊತ್ತಾದ ಕೂಡಲೇ ಅವನು ಎದುರಾಳಿಯ ಕಡೆ ನೋಡಿ ತುಟಿಯಂಚಿನಲ್ಲಿ ನಕ್ಕ.