ಸೊನ್ನೆ ಬಂತೆಂದು ಹಿಗ್ಗಬೇಡಿ

ಮಾರ್ಚ್ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ಕರೆ. 'ಸರ್, ನಮ್ಮ ತಾಲೂಕಿನ ಸುಸ್ಥಿರ ಅಭಿವೃದ್ಧಿ ಸೂಚ್ಯಂಕ ಮಾಡಿಕೊಡಿ, ಮೀಟಿಂಗ್ ಇದೆ.' ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ 17 ಗುರಿ, 169 ಉಪಗುರಿ, 2030ರ ಗಡುವು ಎಲ್ಲ ಅವರಿಗೆ ಬಾಯಿಪಾಠ. ಹಸಿರು, ಹಳದಿ, ಕೆಂಪು ಬಣ್ಣ ಬಳಿಯುವುದೂ ಬರುತ್ತದೆ. ಶಿರಸಿಯಲ್ಲಿ ಕೂತು ಅಂಕಿ ಕೂಡಿಸಿ ಕಳೆಯುವ ನಾನು ಪ್ರತಿ ವರ್ಷ ಗೋಗರೆಯುವುದು ಒಂದನ್ನೇ: ಭಾಗಿಸುವ ಮೊದಲು ಛೇದ ಎಷ್ಟಿದೆ ನೋಡಿ ಮಾರಾಯ್ರೆ.

ತಾಯಂದಿರ ಮರಣವನ್ನೇ ತೆಗೆದುಕೊಳ್ಳಿ. ಲಕ್ಷ ಜೀವಂತ ಜನನಕ್ಕೆ 70ಕ್ಕಿಂತ ಕೆಳಗಿಳಿಯಬೇಕು ಎಂಬುದು ವಿಶ್ವಸಂಸ್ಥೆಯ ಮೂರನೇ ಗುರಿಯ ಮೊದಲ ಮಾತು. ಈಗ ನಮ್ಮ ಉತ್ತರ ಕನ್ನಡದ ಜೊಯಿಡಾದಂಥ ತಾಲೂಕು; 2011ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 52 ಸಾವಿರ. ಲೆಕ್ಕಕ್ಕೆ ವರ್ಷಕ್ಕೆ 600 ಹೆರಿಗೆ ಎಂದಿಟ್ಟುಕೊಳ್ಳಿ. ಒಂದು ಸಾವಾದರೆ ದರ 167. ಸಾವಿಲ್ಲದಿದ್ದರೆ ಸೊನ್ನೆ. ನಡುವೆ ಏನೂ ಇಲ್ಲ. 70 ಎಂಬ ಅಂಕಿ ಆ ತಾಲೂಕಿನ ಪಟ್ಟಿಯಲ್ಲಿ ಕಾಣಿಸುವುದೇ ಸಾಧ್ಯವಿಲ್ಲ.

ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಇಲ್ಲೇ ಎಲ್ಲರೂ ಎಡವುವುದು. ಅಲ್ಲಿನ ನಿಜವಾದ ಅಪಾಯ ಸರಿಯಾಗಿ 70ರಷ್ಟಿದೆ ಎಂದಿಟ್ಟುಕೊಳ್ಳಿ. ರಸ್ತೆ, ಆಸ್ಪತ್ರೆ, ನರ್ಸು ಯಾವುದೂ ಬದಲಾಗಿಲ್ಲ ಎನ್ನೋಣ. ಆಗಲೂ ಸರಾಸರಿ ಮೂರು ವರ್ಷಗಳಲ್ಲಿ ಎರಡು ವರ್ಷ ಸೊನ್ನೆಯೇ ಬರುತ್ತದೆ. ಉಳಿದ ಒಂದು ವರ್ಷ 167, ಇಲ್ಲವೇ ಅದಕ್ಕೂ ಮೇಲೆ. ಮೊದಲ ಸ್ಥಾನದಿಂದ ಕೊನೆಗೆ, ಕೊನೆಯಿಂದ ಮೊದಲಿಗೆ. ಅಡಕೆ ಮಂಡಿಯಲ್ಲಿ ದರ ಬರೆಯುವ ವ್ಯಾಪಾರಿ ಕೂಡ ರಾಶಿಯಿಂದ ಒಂದು ಬೊಗಸೆ ಎತ್ತಿ ನೋಡುತ್ತಾನೆ. ಒಂದೇ ಅಡಕೆ ಕಚ್ಚಿ ಇಡೀ ಲಾಟಿಗೆ ದರ ಹೇಳುವವನನ್ನು ನಾನು ನೋಡಿಲ್ಲ.

ದೇಶದ ಮಟ್ಟದಲ್ಲಿ ಈ ಎಚ್ಚರ ಇದೆ. ಆಯ್ದ ಊರುಗಳಲ್ಲಿ ಜನನ-ಮರಣ ಎಣಿಸಿ ಅಂದಾಜು ಕೊಡುವ ಮಾದರಿ ನೋಂದಣಿ ಪದ್ಧತಿಯವರು (ಎಸ್‌ಆರ್‌ಎಸ್) ತಾಯಿ ಮರಣದ ಪ್ರಮಾಣವನ್ನು ಮೂರು ವರ್ಷ ಕೂಡಿಸಿಯೇ ಪ್ರಕಟಿಸುತ್ತಾರೆ. 2018-20ಕ್ಕೆ ಭಾರತ 97, ಕರ್ನಾಟಕ 69. ಕರ್ನಾಟಕದಷ್ಟು ದೊಡ್ಡ ರಾಜ್ಯಕ್ಕೇ ಮೂರು ವರ್ಷ ಬೇಕಾದರೆ, ನಮ್ಮ ತಾಲೂಕಿಗೆ ಒಂದು ವರ್ಷ ಸಾಕೇ?

ಘಟ್ಟದ ಮೇಲಿನ ಒಂದು ತಾಲೂಕಿನ ವೈದ್ಯರನ್ನು ಒಂದು ವರ್ಷ ಸಭೆಯಲ್ಲಿ ಎದ್ದು ನಿಲ್ಲಿಸಿ ಬೈದರು. ಮರುವರ್ಷ ಅವರಿಗೇ ಶಾಲು ಹೊದಿಸಿದರು. ಪಾಪ, ಎರಡೂ ಸಲ ಅವರ ಮುಖ ಒಂದೇ ಥರ ಇತ್ತು. ಚಹಾದ ಹೊತ್ತಿಗೆ ಅಲ್ಲಿನ ಸಿಸ್ಟರ್ ಒಬ್ಬರು ಹೇಳಿದರು: 'ಹೋದ ವರ್ಷ ತೀರಿಕೊಂಡವಳು ಗೌಳಿವಾಡೆಯವಳು ಸರ್. ಜೀಪು ಸಿಗುವಷ್ಟರಲ್ಲಿ ಬೆಳಗಾಗಿತ್ತು. ಈ ವರ್ಷವೂ ಜೀಪು ಅದೇ, ದಾರಿ ಅದೇ.'

ಸೊನ್ನೆಯ ಹಿಂದೆ ಇನ್ನೊಂದು ತೊಡಕು. 1969ರ ಕಾಯ್ದೆಯಂತೆ ಜನನ-ಮರಣ ನೋಂದಣಿಯಾಗುವುದು ಘಟನೆ ನಡೆದ ಸ್ಥಳದಲ್ಲಿ. ಕಷ್ಟದ ಹೆರಿಗೆಗೆ ನಮ್ಮವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡುತ್ತಾರೆ. ಅಲ್ಲಿ ಹೆಚ್ಚುಕಮ್ಮಿಯಾದರೆ ಸಾವು ಅಲ್ಲಿನ ಪುಸ್ತಕದಲ್ಲಿ. ಆರೋಗ್ಯ ಇಲಾಖೆಯವರು ವಿಳಾಸ ಹಿಡಿದು ಅದನ್ನು ಊರಿನ ಲೆಕ್ಕಕ್ಕೆ ತರಲು ನೋಡುತ್ತಾರೆ, ಹಾಗಾಗಿ ಎಲ್ಲವೂ ತಪ್ಪಿಹೋಗುತ್ತದೆ ಎನ್ನಲಾರೆ. ಆದರೆ ಯಾವ ಪುಸ್ತಕದಿಂದ ಅಂಕಿ ಎತ್ತಿದಿರಿ ಎಂದು ಕೇಳಿದರೆ ಅರ್ಧ ಜನ ನನ್ನನ್ನೇ ನೋಡುತ್ತಾರೆ.

ತಾಲೂಕಿಗೆ ನಾನು ಕೇಳುವುದು ಬೇರೆ. 600 ಬಸುರಿಯರಲ್ಲಿ ಎಷ್ಟು ಜನರಿಗೆ ನಾಲ್ಕು ತಪಾಸಣೆ ಪೂರ್ತಿಯಾಯಿತು? ಎಷ್ಟು ಜನರಿಗೆ ರಕ್ತಹೀನತೆ? ಅಣಶಿ ಘಟ್ಟದಲ್ಲಿ ಗುಡ್ಡ ಜರಿದ ದಿನ ಆಂಬುಲೆನ್ಸ್ ಯಾವ ದಾರಿ ಹಿಡಿಯುತ್ತದೆ, ರಕ್ತ ಸಿಗುವ ಆಸ್ಪತ್ರೆಗೆ ಎಷ್ಟು ತಾಸು? ಇವು ವರ್ಷಕ್ಕೊಮ್ಮೆ ಲಾಟರಿಯಂತೆ ಹಾರಾಡುವ ಅಂಕಿಗಳಲ್ಲ. ಸಾವನ್ನು ಎಣಿಸಬೇಡಿ ಎನ್ನುತ್ತಿಲ್ಲ. ಪ್ರತಿಯೊಂದನ್ನೂ ಎಣಿಸಿ, ಏಕಾಯಿತು ಎಂದು ವಿಚಾರಿಸಿ. ದರ ಮಾಡಿ ಮೆರವಣಿಗೆ ಹೊರಡಿಸಬೇಡಿ, ಅಷ್ಟೆ.

ಮೊನ್ನೆ ಮತ್ತೊಬ್ಬರ ಫೋನು. 'ಸರ್, ಈ ಸಲ ಸೊನ್ನೆ. ಗುರಿ ಸಾಧಿಸಲಾಗಿದೆ ಅಂತ ಬರೆಯಬಹುದಲ್ಲ?' ಹೆರಿಗೆ ಎಷ್ಟು, ಸಾವು ಎಷ್ಟು, ಐದು ವರ್ಷದ್ದೂ ಬರೆಯಿರಿ ಎಂದೆ. ಫಾರ್ಮಿನಲ್ಲಿ ಒಂದೇ ಮನೆ ಇದೆಯಂತೆ. ಹಾಗಾದರೆ ಷರಾ ಕಾಲಂನಲ್ಲಿ ಹಾಕಿ ಎಂದೆ. ಹಾಕಬಹುದು ಸರ್, ಆದರೆ ಪ್ರಿಂಟ್ ತೆಗೆಯುವಾಗ ಷರಾ ಕಾಲಂ ಕತ್ತರಿಸಿ ಹೋಗುತ್ತದೆ ಎಂದರು.