ಗುಡಿಯ ಅಂಗಳ, ತಗಡಿನ ಥಿಯೇಟರ್, ಊರ ರಂಗಮಂದಿರ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಸಾಕು, ಗದಗ, ಹಾವೇರಿ ಕಡೆ ಗೋಡೆ ತುಂಬ ನಾಟಕದ ಪೋಸ್ಟರ್. ಮೇಲೆ ಊರ ದೇವರ ಹೆಸರು, ಪಕ್ಕದಲ್ಲಿ 'ಪ್ರಸನ್ನ'. ನಡುವೆ ದಪ್ಪ ಅಕ್ಷರದಲ್ಲಿ ನಾಟಕದ ಹೆಸರು. ಕೆಳಗೆ ಪಾತ್ರ ಮಾಡುವ ಊರ ಹುಡುಗರ ಸಣ್ಣ ಸಣ್ಣ ಫೋಟೊ. ಕೊನೆಗೆ ಸೀನರಿ ಯಾರದು, ಹಾರ್ಮೋನಿಯಂ ಯಾರದು ಅನ್ನುವ ಸಾಲು. ಮನೆಮನೆಗೆ ಹೋಗಿ ಪಟ್ಟಿ ಎತ್ತಿ, ರಾತ್ರಿಯೆಲ್ಲ ತಾಲೀಮು ಮಾಡಿ, ಗುಡಿ ಮುಂದೋ ಶಾಲೆ ಬಯಲಲ್ಲೋ ಸ್ಟೇಜ್ ಕಟ್ಟಿ ಬೆಳತನಕ ಆಡುತ್ತಾರೆ. ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರದ ದೊಡ್ಡ ಭವನಗಳಿವೆ. ಆದರೂ ಈ ಹುಡುಗರು ವರ್ಷ ವರ್ಷವೂ ತಮ್ಮ ಸ್ಟೇಜ್ ತಾವೇ ಕಟ್ಟಿಕೊಳ್ಳುತ್ತಾರೆ. ಯಾಕೆ ಅಂತ ತಿಳಿಯಬೇಕಾದರೆ ಸುಮಾರು 150 ವರ್ಷ ಹಿಂದಕ್ಕೆ ಹೋಗಬೇಕು.

ಆಗ ಈ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು. ಮರಾಠಿಯದೇ ಜೋರು. ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕ ಆಡಿಸಿದ್ದರು. ಅವರಿಗೆ ದಾರಿ ತೋರಿಸಿದ್ದು ನಮ್ಮ ಕರಾವಳಿಯಿಂದ ಹೋಗಿದ್ದ ಭಾಗವತರ ಮೇಳ, ಅಂದರೆ ಯಕ್ಷಗಾನದ ತಂಡ. ಮುಂದೆ ಮರಾಠಿ ನಾಟಕ ಕಂಪನಿಗಳು ನಮ್ಮೂರುಗಳಿಗೇ ಬಂದು ಟೆಂಟ್ ಹಾಕಿದವು. ಜನ ಕನ್ನಡ ಮಾತಾಡುತ್ತಾ ಮರಾಠಿ ನಾಟಕ ನೋಡುವಂತಾಯಿತು. ಇದು ಗದಗಿನ ಸಕ್ಕರಿ ಬಾಳಾಚಾರ್ಯರಿಗೆ, ಅಂದರೆ ಶಾಂತಕವಿಗಳಿಗೆ, ಸಹಿಸಲಾಗಲಿಲ್ಲ. 1870ರ ದಶಕದಲ್ಲಿ ಅವರು ಕೃತಪುರ ನಾಟಕ ಮಂಡಳಿ ಕಟ್ಟಿದರು. ಕೃತಪುರ ಅಂದರೆ ಗದಗ. ಮೊದಲಿಂದಲೇ ಇಲ್ಲಿ ನಾಟಕ ಬರೀ ಮನರಂಜನೆ ಆಗಿರಲಿಲ್ಲ, ಅಲ್ವಾ?

ಆಮೇಲೆ ಕಂಪನಿಗಳು ಸಾಲುಸಾಲಾಗಿ ಬಂದವು. ಶಿರಹಟ್ಟಿಯ ವೆಂಕೋಬರಾಯರದು, ಗರುಡ ಸದಾಶಿವರಾಯರದು, ವಾಮನರಾವ್ ಮಾಸ್ತರರದು. ಲಕ್ಷ್ಮೇಶ್ವರದ ಬಚ್ಚಾಸಾನಿ 20ನೇ ಶತಮಾನದ ಆರಂಭದಲ್ಲೇ ಹೆಣ್ಣುಮಕ್ಕಳ ಕಂಪನಿ ನಡೆಸಿದರು. ಗಂಡಸರೇ ಸೀರೆ ಉಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲವದು! ಆಕೆಯನ್ನು ನಾವು ಇನ್ನೂ ಜಾಸ್ತಿ ನೆನೆಯಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಈ ಕಂಪನಿಗಳು ತಮ್ಮ ಥಿಯೇಟರನ್ನು ತಾವೇ ಹೊತ್ತು ತಿರುಗಿದವು. ಗಳ, ತಗಡು, ಪರದೆ, ಪೆಟ್ಟಿಗೆ. ಮೊಕ್ಕಾಂ ಹೂಡಿದರೆ ತಿಂಗಳುಗಟ್ಟಲೆ. ಪರದೆಯ ಆಚೆ ಸಂಗೀತದ ಶಾಲೆಯೂ ನಡೆಯುತ್ತಿತ್ತು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗ ಹಾಡಿದ್ದು ವಾಮನರಾಯರ ಕಂಪನಿಯಲ್ಲಿ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಕತೆಯನ್ನು ಮಾತ್ರ ಅವಸರದಲ್ಲಿ ಹೇಳಬಾರದು. ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಆಶ್ರಮದಲ್ಲಿ ಕುರುಡ ಮಕ್ಕಳು, ಬಡ ಮಕ್ಕಳು ಸಂಗೀತ ಕಲಿಯುತ್ತಿದ್ದರು. ಅಷ್ಟು ಹೊಟ್ಟೆಗಳಿಗೆ ದಿನಾ ಅನ್ನ ಬೇಕಲ್ಲ. ಅದಕ್ಕಾಗಿ ಆಶ್ರಮವೇ ನಾಟಕ ಕಂಪನಿ ಕಟ್ಟಿತು. ಪುಟ್ಟರಾಜರು ನಾಟಕ ಬರೆದರು, ಸಂಗೀತ ಕೂಡಿಸಿದರು. ಊರೂರಿನ ಗೇಟಿನಲ್ಲಿ ಕೂಡಿದ ದುಡ್ಡು ಗದಗಿನ ದಾಸೋಹಕ್ಕೆ ಬಂತು. ಟಿಕೆಟ್ ತೆಗೆದುಕೊಂಡ ರೈತ ಒಂದು ರಾತ್ರಿ ನಾಟಕ ನೋಡಿದ, ಯಾವುದೋ ಮಗುವಿಗೆ ಊಟವನ್ನೂ ಹಾಕಿದ. ಥಿಯೇಟರ್ ಒಂದು ಸಮಾಜಕ್ಕೆ ಏನು ಕೊಡಬಲ್ಲದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

1934ರಲ್ಲಿ ಕನ್ನಡ ಟಾಕಿ, ಅಂದರೆ ಮಾತಾಡುವ ಸಿನಿಮಾ, ಬಂತು. ಸಿನಿಮಾ ಮುಂದೆ, ಆಮೇಲೆ ಟಿವಿ ಮುಂದೆ, ಕಂಪನಿಗಳು ಒಂದೊಂದಾಗಿ ಸೋತವು. ಉಳಿದವು ಜಾತ್ರೆಗಳನ್ನು ನಂಬಿಕೊಂಡವು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇವತ್ತಿಗೂ ಹಲವು ಕಂಪನಿಗಳ ಟೆಂಟು ಒಟ್ಟಿಗೆ ಕಾಣುತ್ತವೆ. ಧಾರವಾಡದಲ್ಲಿ ಇನ್ನೊಂದು ದಾರಿ ತೆರೆಯಿತು. ನಾಟಕಕಾರ ಶ್ರೀರಂಗರು ಹವ್ಯಾಸಿ ನಾಟಕ ಬೆಳೆಸಿದರು. ಜಿ.ಬಿ. ಜೋಶಿಯವರ ಪ್ರಕಾಶನ ಮನೋಹರ ಗ್ರಂಥಮಾಲೆ ಗಿರೀಶ ಕಾರ್ನಾಡರ ಮೊದಲ ನಾಟಕಗಳನ್ನು ಅಚ್ಚು ಹಾಕಿತು.

1997ರಲ್ಲಿ ಹಳೆಯ ಧಾರವಾಡ ಜಿಲ್ಲೆ ಮೂರಾಯಿತು. ಗದಗ, ಹಾವೇರಿ ಜಿಲ್ಲಾ ಕೇಂದ್ರಗಳಾದವು. ಕಚೇರಿಗಳ ಜೊತೆ ಭವನಗಳೂ ಬಂದವು. ಕಟ್ಟಡ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಭೆ, ಸನ್ಮಾನ, ಜಯಂತಿಗೆ ಅಂತ ಕಟ್ಟಿದ ಭವನದಲ್ಲಿ ನಾಟಕ ಆಡುವುದು ಕಷ್ಟ. ಸ್ಟೇಜಿನ ಅಕ್ಕಪಕ್ಕದ ಮರೆಯ ಜಾಗ, ಅಂದರೆ ವಿಂಗ್, ಸಾಲದು, ಪರದೆ ಏರಿಸಲು ಎತ್ತರ ಸಾಲದು, ಮಾತು ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಬಾಡಿಗೆ ಕಟ್ಟಿ, ಅನುಮತಿ ಪಡೆದು, ರಾತ್ರಿ ಹತ್ತಕ್ಕೆ ಬಾಗಿಲು ಹಾಕಬೇಕು ಅಂದರೆ ಬೆಳತನಕ ಆಡುವ ಹಳ್ಳಿ ತಂಡ ಅಲ್ಲಿಗೆ ಯಾಕೆ ಹೋದೀತು? ಊರಿಗೆ ಮರಳಲು ಆ ಹೊತ್ತಲ್ಲಿ ಬಸ್ಸೂ ಇರುವುದಿಲ್ಲ.

ಹಾನಗಲ್ ತಾಲೂಕಿನ ಶೇಷಗಿರಿ ಬೇರೆಯದೇ ದಾರಿ ಹಿಡಿಯಿತು. ಅದು ಸಣ್ಣ ಹಳ್ಳಿ. ಅಲ್ಲಿನ ಗಜಾನನ ಯುವಕ ಮಂಡಳ ಊರಲ್ಲೇ ರಂಗಮಂದಿರ ಮಾಡಿಕೊಂಡಿದೆ. ಬೇರೆ ಕಡೆಯ ತಂಡಗಳೂ ಬಂದು ಅಲ್ಲಿ ನಾಟಕ ಆಡುತ್ತವೆ. ಊರ ತಂಡವೂ ಹೊರಗೆ ಹೋಗಿ ಆಡಿ ಬರುತ್ತದೆ. ಹಗಲು ಹೊಲದ ಕೆಲಸ ಮಾಡಿದವರೇ ರಾತ್ರಿ ಬಣ್ಣ ಹಚ್ಚುತ್ತಾರೆ. ತಾಲೀಮಿಗೆ ಅವರು ಯಾರಿಗೂ ಅರ್ಜಿ ಬರೆಯಬೇಕಿಲ್ಲ. ಕೀಲಿ ಊರವರ ಕೈಯಲ್ಲೇ ಇದೆ.